ಸಾವಿರ ಪ್ರತಿ ಹಾಕಿಸಲೋ, ಮುನ್ನೂರು ಸಾಕೋ?

ಸ್ವಂತ ಖರ್ಚಿನಲ್ಲಿ ಪುಸ್ತಕ ತರಲು ಹೊರಟವರ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಪತ್ರಗಳೆಲ್ಲ ಶಿವಮೊಗ್ಗ ಜಿಲ್ಲೆ ಮತ್ತು ಅದರ ಆಸುಪಾಸಿನವು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಲಲಿತ ಪ್ರಬಂಧಗಳ ಸಂಕಲನ ಸಿದ್ಧವಾಗಿದೆ. ಡೆಮಿ 1/8 ಆಕಾರದಲ್ಲಿ (ಕನ್ನಡ ಪುಸ್ತಕಗಳ ಸಾಮಾನ್ಯ ಅಳತೆ) 130 ಪುಟದ ಆಸುಪಾಸು ಆಗುತ್ತದಂತೆ. "ಮುನ್ನೂರಕ್ಕೂ ಸಾವಿರಕ್ಕೂ ಖರ್ಚು ದುಪ್ಪಟ್ಟೂ ಆಗಲ್ಲ, ಸಾವಿರವೇ ಹಾಕಿಸಿಬಿಡಿ ಮೇಷ್ಟ್ರೇ" ಎನ್ನುತ್ತಾರೆ ಪ್ರೆಸ್ಸಿನವರು. ಏನು ಮಾಡಲಿ?
— ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಪ್ರೆಸ್ಸಿನವರು ಹೇಳಿದ್ದು ಸುಳ್ಳಲ್ಲ. ಆಫ್‌ಸೆಟ್‌ನಲ್ಲಿ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ), ಅಚ್ಚಿನ ಪ್ಲೇಟು, ಯಂತ್ರ ಸಜ್ಜು ಮಾಡುವ ಕೂಲಿ ಇವೆಲ್ಲ ಮೊದಲ ಪ್ರತಿ ಹೊರಬರುವ ಮುಂಚೆಯೇ ಆಗುವ ಖರ್ಚು. ಆಮೇಲೆ ಏರುವುದು ಕಾಗದ, ಅಚ್ಚು ಮತ್ತು ಬೈಂಡಿಂಗ್ ಮಾತ್ರ. ಹಾಗಾಗಿ ಪ್ರತಿ ಹೆಚ್ಚಿದಷ್ಟೂ ಒಂದೊಂದರ ಬೆಲೆ ಇಳಿಯುತ್ತದೆ. ಆದರೆ ನೀವು ಭಾಗಿಸಬೇಕಾದದ್ದು ಅಚ್ಚಾದ ಪ್ರತಿಗಳಿಂದ ಅಲ್ಲ, ಮಾರಾಟವಾಗುವ ಪ್ರತಿಗಳಿಂದ. ಲೆಕ್ಕಕ್ಕೆಂದು ಹಿಡಿಯಿರಿ: 300 ಪ್ರತಿ, ಒಂದಕ್ಕೆ 85 ರೂಪಾಯಿ, ಒಟ್ಟು 25,500. ಸಾವಿರ ಪ್ರತಿ, ಒಂದಕ್ಕೆ 48, ಒಟ್ಟು 48,000. ಎರಡರಲ್ಲೂ ಮಾರಾಟವಾದದ್ದು 300 ಎಂದಾದರೆ, ಆ "ಅಗ್ಗದ" ಪುಸ್ತಕ ನಿಮಗೆ ಬಿದ್ದದ್ದು ಒಂದಕ್ಕೆ 160 ರೂಪಾಯಿ. ಉಳಿದ 700 ಪ್ರತಿ ಅಟ್ಟದ ಮೇಲೆ.

ಅವು ಹಿಡಿಯುವ ಜಾಗವನ್ನೂ ನೋಡಿ. ಡಬಲ್ ಡೆಮಿ ಹಾಳೆ 58.5×91 ಸೆಂ.ಮೀ. ಇರುತ್ತದೆ, ಎರಡೂ ಮಗ್ಗುಲು ಸೇರಿ ಅದರಲ್ಲಿ ಡೆಮಿ 1/8ರ 32 ಪುಟ ಕೂರುತ್ತದೆ. 128 ಪುಟಕ್ಕೆ ನಾಲ್ಕು ಹಾಳೆ, ಸಾವಿರ ಪ್ರತಿಗೆ 4,000 ಹಾಳೆ, ಅಂದರೆ 8 ರೀಮು. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಮ್ಯಾಪ್‌ಲಿಥೊ ಕಾಗದದ ಒಂದು ರೀಮು 18.6 ಕೆಜಿ ತೂಗುತ್ತದೆ. ಸುಮಾರು ಒಂದೂವರೆ ಕ್ವಿಂಟಲ್ ಕಾಗದ, 25ರ ಕಟ್ಟು ಕಟ್ಟಿದರೆ 40 ಕಟ್ಟು, ನಿಮ್ಮ ಮನೆಗೆ ಬರುತ್ತದೆ.

ಪುಟದ ಲೆಕ್ಕ 128ಕ್ಕೇ ನಿಲ್ಲಲಿ. ಡೆಮಿ 1/8ರಲ್ಲಿ 16 ಪುಟಕ್ಕೆ ಒಂದು ಫಾರಂ (ಒಟ್ಟಿಗೆ ಅಚ್ಚಾಗಿ ಮಡಚುವ ಕಂತೆ), 128 ಎಂದರೆ ಸರಿಯಾಗಿ ಎಂಟು ಫಾರಂ. 130 ಅಥವಾ 132 ಆದರೆ ಆ ಎರಡು-ನಾಲ್ಕು ಪುಟಕ್ಕೆ ಬೇರೆ ಪ್ಲೇಟು, ಬೇರೆ ಓಟ. ಬೈಂಡಿಂಗಿನಲ್ಲಿ ಮೊದಲು ಸಡಿಲವಾಗುವುದೂ ಅಂಥ ಬಿಡಿ ಹಾಳೆಯೇ. ಮುನ್ನುಡಿಯಲ್ಲಿ ಅರ್ಧ ಪುಟ ಇಳಿಸಿ, ಖಾಲಿ ಪುಟ ತೆಗೆದು ಹೊಂದಿಸಿ. ಶೀರ್ಷಿಕೆ, ಮುದ್ರಣ ವಿವರ, ಅರ್ಪಣೆ, ಪರಿವಿಡಿ ಎಲ್ಲವೂ ಈ 128ರ ಒಳಗೇ ಬರಬೇಕು ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಎಷ್ಟು ಪ್ರತಿ ಎಂದು ತೀರ್ಮಾನಿಸಲು ಒಂದು ನೋಟ್‌ಬುಕ್ ತೆಗೆದುಕೊಂಡು ಹೆಸರು ಬರೆಯಿರಿ. ಹಳೆಯ ವಿದ್ಯಾರ್ಥಿಗಳು, ಸಹೋದ್ಯೋಗಿಗಳು, ನೆಂಟರು, ನಿಮ್ಮ ಬರಹ ಓದಿ ಫೋನ್ ಮಾಡಿದವರು. ದುಡ್ಡು ಕೊಟ್ಟು ಕೊಳ್ಳುವವರ ಹೆಸರು ಮಾತ್ರ. ಗೌರವಪ್ರತಿಗೆ ಬೇರೆ ಪುಟ ಇರಲಿ: ಮುನ್ನುಡಿ-ಬೆನ್ನುಡಿ ಬರೆದವರು, ಪತ್ರಿಕೆಗಳ ವಿಮರ್ಶೆ, ಬಹುಮಾನದ ಆಹ್ವಾನಗಳು, ಕಾನೂನಿನಂತೆ ಕಳಿಸಬೇಕಾದ ನಾಲ್ಕು ಪ್ರತಿ. ಇದೇ 40 ದಾಟುತ್ತದೆ. ಕೊಳ್ಳುವವರ ಪಟ್ಟಿ 150 ಮುಟ್ಟಿದರೆ 300 ಹಾಕಿಸಿ. 100ರ ಒಳಗಿದ್ದರೆ ಡಿಜಿಟಲ್ ಮುದ್ರಣದಲ್ಲಿ 150 ಸಾಕು. ಅಲ್ಲಿ ಪ್ಲೇಟಿನ ಖರ್ಚಿಲ್ಲ, ಒಂದು ಪ್ರತಿಯ ಬೆಲೆ ಹೆಚ್ಚಾದರೂ ಕೈಯಿಂದ ಹೋಗುವ ಹಣ ಕಡಿಮೆ.

"ಗ್ರಂಥಾಲಯ ಇಲಾಖೆ ಕೊಂಡರೆ?" ಎಂಬ ಆಸೆಯಿಂದ ಸಾವಿರ ಹಾಕಿಸುವವರೂ ಇದ್ದಾರೆ. ಇಲಾಖೆಯ ಪ್ರಕಟಣೆ ಬಂದಾಗ ಅರ್ಜಿ ಹಾಕಿ, ಖಂಡಿತ ಹಾಕಿ. ಆದರೆ ಆಯ್ಕೆಯಾದ ಮೇಲೆ ಅಚ್ಚು ಹಾಕಿಸಿದರೂ ನಡೆಯುತ್ತದೆ, ಕಡತ ಕೈಯಲ್ಲಿದ್ದರೆ ಮರುಮುದ್ರಣಕ್ಕೆ ಎರಡು-ಮೂರು ವಾರ ಸಾಕು. ಅದಕ್ಕಾಗಿ ಅಂತಿಮ ಪಿಡಿಎಫ್ ಜೊತೆಗೆ ಪುಟವಿನ್ಯಾಸದ ಮೂಲ ಕಡತ, ಹೊದಿಕೆಯ ಮೂಲ ಕಡತ, ಬಳಸಿದ ಫಾಂಟ್ ನಾಲ್ಕನ್ನೂ ಪೆನ್‌ಡ್ರೈವಿನಲ್ಲಿ ಪಡೆಯಿರಿ. ಕೊನೆಯ ಕಂತಿನ ಹಣ ಕೊಡುವ ಮುಂಚೆಯೇ ಪಡೆಯಿರಿ.

ಪ್ರಶ್ನೆ: ಕಾದಂಬರಿಯನ್ನು ಮೊಬೈಲಿನಲ್ಲೇ ಟೈಪ್ ಮಾಡಿದೆ. ಡಿಟಿಪಿಯವರು ನುಡಿ ತಂತ್ರಾಂಶದ ಅಕ್ಷರಕ್ಕೆ ಬದಲಾಯಿಸಿ ಪುಟ ಮಾಡಿಕೊಟ್ಟರು. ನಾನು ಸರಿಯಾಗಿ ಬರೆದ ಪದಗಳೇ ಪ್ರೂಫಿನಲ್ಲಿ ತಪ್ಪಾಗಿವೆ. ಯಾರ ತಪ್ಪು?
— ಕಾಲೇಜು ಉಪನ್ಯಾಸಕಿ, ಸಾಗರ

ಉತ್ತರ: ನಿಮ್ಮದೂ ಅಲ್ಲ, ಅವರದೂ ಪೂರ್ತಿ ಅಲ್ಲ. ಮೊಬೈಲಿನಲ್ಲಿ ಟೈಪಾಗುವುದು ಯುನಿಕೋಡ್, ಅಂದರೆ ಎಲ್ಲ ಯಂತ್ರಗಳಿಗೂ ಒಂದೇ ಆಗಿರುವ ಅಕ್ಷರ ಸಂಕೇತ. ಹಳೆಯ ಪೇಜ್‌ಮೇಕರಿನಲ್ಲಿ ಕೆಲಸ ಮಾಡುವವರಿಗೆ ಬೇಕಾದದ್ದು ನುಡಿಯ ಹಳೆಯ ಆಸ್ಕಿ ಫಾಂಟು. ಅಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಚೂರುಗಳನ್ನು ಕೂರಿಸಿರುತ್ತಾರೆ. ಪರಿವರ್ತನೆಯಲ್ಲಿ ಪೆಟ್ಟು ತಿನ್ನುವ ಜಾಗಗಳು ಗೊತ್ತಿರುವಂಥವೇ.

ಮೊದಲನೆಯದು, ಕಣ್ಣಿಗೆ ಕಾಣದ ಬಿಡಿಸುವ ಚಿಹ್ನೆ ಬಿದ್ದುಹೋಗುವುದು. "ರಾಜ್‌ಕುಮಾರ್" ಹೋಗಿ "ರಾಜ್ಕುಮಾರ್" ಆಗುತ್ತದೆ, "ಬಸ್‌ಸ್ಟ್ಯಾಂಡ್" ಓದಲಾರದ ಗಂಟಾಗುತ್ತದೆ. "ರ‍್ಯಾಂಕ್" ಎಂದು ಬರೆದದ್ದು ಅರ್ಕಾವೊತ್ತಾಗಿ "ರ್ಯಾಂಕ್" ಎಂದು ಬರುತ್ತದೆ. ನಡುವೆ ಇಂಗ್ಲಿಷ್ ಪದ ಇದ್ದರೆ ಅದು ನುಡಿ ಫಾಂಟಿನ ವೇಷ ಹಾಕಿ ಅರ್ಥವಿಲ್ಲದ ಕನ್ನಡವಾಗುತ್ತದೆ. ಉದ್ಧರಣ ಚಿಹ್ನೆಗಳು ಬೇರೆ ಅಕ್ಷರವಾಗಿ ಕೂರುತ್ತವೆ. ಇನ್ನೊಂದು ಕಳ್ಳ ತಪ್ಪು ಟೈಪ್ ಮಾಡಿದವರದೇ: ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕೆ ಬಿದ್ದಿರುತ್ತದೆ. ಎರಡೂ ಕಣ್ಣಿಗೆ ಒಂದೇ, ಆದರೆ ಆ ಪದವನ್ನು ಕಂಪ್ಯೂಟರಿನಲ್ಲಿ ಹುಡುಕಿದರೆ ಸಿಗದು. ಹಸ್ತಪ್ರತಿಯಲ್ಲಿ ೦ ಅಂಕೆಯನ್ನೇ ಹುಡುಕಿ, ಅಕ್ಷರದ ಪಕ್ಕದಲ್ಲಿ ಸಿಕ್ಕಲ್ಲೆಲ್ಲ ಬದಲಾಯಿಸಿ.

ಪರಿವರ್ತನೆಯೇ ಬೇಡ ಎನ್ನುವುದು ನಮ್ಮ ಸ್ಪಷ್ಟ ಸಲಹೆ. ಯುನಿಕೋಡಿನಲ್ಲೇ ಇನ್‌ಡಿಸೈನ್‌ನಲ್ಲಿ ಪುಟ ಮಾಡುವವರನ್ನು ಹುಡುಕಿ. ಅಲ್ಲಿ ಪ್ಯಾರಾಗ್ರಾಫ್ ಆಯ್ಕೆಯಲ್ಲಿ "ವರ್ಲ್ಡ್ ರೆಡಿ ಕಂಪೋಸರ್" ಇಟ್ಟಿರಬೇಕು, ಇಲ್ಲದಿದ್ದರೆ ಒತ್ತಕ್ಷರ ಬಿಚ್ಚಿಕೊಂಡು ನಿಲ್ಲುತ್ತವೆ. ಕೆಲಸ ಒಪ್ಪಿಸುವ ಮುಂಚೆ ಒಂದು ಸಾಲು ಕೊಟ್ಟು ಪರೀಕ್ಷಿಸಿ: ರಾಷ್ಟ್ರ, ಸ್ತ್ರೀ, ವಾಙ್ಮಯ, ಜ್ಞಾನ, ಶೃಂಗೇರಿ, ಹೃತ್ಪೂರ್ವಕ, ರ‍್ಯಾಂಕ್, ರಾಜ್‌ಕುಮಾರ್. ಈ ಎಂಟೂ ಪಿಡಿಎಫ್‌ನಲ್ಲಿ ಸರಿಯಾಗಿ ಬಂದರೆ ಮುಂದುವರಿಯಿರಿ. ಅಕ್ಷರ 12 ಪಾಯಿಂಟ್ ಇದ್ದರೆ ಸಾಲಿನ ಅಂತರ 16 ಇರಲಿ. ಪುಟ ಉಳಿಸಲು ಅದನ್ನು 14ಕ್ಕೆ ಇಳಿಸಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ನಿಮ್ಮದು ಕಾದಂಬರಿ, ಮಾತುಕತೆ ಮಲೆನಾಡಿನದು ಇರಬೇಕು. "ಎಂತ", "ಮಾರಾಯ್ತಿ", "ಹೋಪ", "ಬರ್ತೀನ್ ಅಂದಿದ್ದ" ಇಂಥವನ್ನೆಲ್ಲ ಒಳ್ಳೆಯ ಮನಸ್ಸಿನ ಕರಡು ತಿದ್ದುವವರು ಶಿಷ್ಟಕ್ಕೆ ತಿದ್ದಿಬಿಡುತ್ತಾರೆ. ನೀವು ಬಳಸುವ ಆಡುನುಡಿಯ ರೂಪಗಳ ಒಂದು ಪುಟದ ಪಟ್ಟಿ ಮಾಡಿ ಹಸ್ತಪ್ರತಿಯ ಮೇಲೇ ಪಿನ್ ಮಾಡಿ. ನಿಮಗೂ ಅದು ಬೇಕು. ಒಂದನೇ ಅಧ್ಯಾಯದಲ್ಲಿ "ಹೋಗ್ತಾನೆ" ಅಂದವನು ಒಂಬತ್ತರಲ್ಲಿ "ಹೋಗ್ತಾನ" ಅನ್ನಬಾರದು.

ಕರಡು ಮೂರು ಸಲ. ಮೊದಲ ಸಲ ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪ್ರೂಫಿನ ಮೇಲೆ ಬೆರಳಿಟ್ಟು ಹೋಗಬೇಕು. ಲೇಖಕರೇ ಒಬ್ಬರೇ ಓದಿದರೆ ಬರೆದದ್ದು ಕಾಣುವುದಿಲ್ಲ, ಮನಸ್ಸಿನಲ್ಲಿದ್ದದ್ದು ಕಾಣುತ್ತದೆ. ಎರಡನೇ ಸಲ ತಿದ್ದಿದ ಜಾಗ ಮತ್ತು ಅದರ ಮುಂದಿನ ಸಾಲುಗಳು. ಒಂದು ಪದ ಸೇರಿದರೆ ಸಾಲುಗಳು ಜರುಗಿ ಹೊಸ ತಪ್ಪು ಹುಟ್ಟುತ್ತದೆ. ಮೂರನೇ ಸಲ ಕಥೆ ಓದಬೇಡಿ: ಪುಟಸಂಖ್ಯೆ, ಪರಿವಿಡಿಯ ಸಂಖ್ಯೆಗಳು, ಅಧ್ಯಾಯದ ಹೆಸರು, ಹೊದಿಕೆ, ಬೆನ್ನಿನ ಮೇಲಿನ ಹೆಸರು ಇಷ್ಟೇ. ಅಂತಿಮ ಪಿಡಿಎಫ್ ಅನ್ನು ನುಡಿ ಇಲ್ಲದ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಅಲ್ಲಿ ಅಕ್ಷರ ಕೆಟ್ಟರೆ ಫಾಂಟು ಕಡತದೊಳಗೆ ಸೇರಿಲ್ಲ ಎಂದರ್ಥ, ಪ್ರೆಸ್ಸಿನಲ್ಲೂ ಕೆಡುತ್ತದೆ.

ಪ್ರಶ್ನೆ: ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತು ಸಂಖ್ಯೆ) ಕೊಡಿಸಲು ಒಬ್ಬರು ಹಣ ಕೇಳುತ್ತಿದ್ದಾರೆ. ಕೊಡಬೇಕೇ? ಕಾಪಿರೈಟ್ ನೋಂದಣಿ ಆಗಲೇಬೇಕೇ?
— ಭದ್ರಾವತಿ, ಸೊರಬ ಮತ್ತು ಶಿಕಾರಿಪುರದ ಮೂವರು

ಉತ್ತರ: ಕೊಡಬೇಕಿಲ್ಲ. ಭಾರತದಲ್ಲಿ ಐಎಸ್‌ಬಿಎನ್ ಉಚಿತ. ಕೇಂದ್ರ ಶಿಕ್ಷಣ ಸಚಿವಾಲಯದಡಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಕೊಡುತ್ತದೆ, ಅರ್ಜಿ ಅವರ ಜಾಲತಾಣದಲ್ಲಿ. ಪ್ರಕಾಶನ ಸಂಸ್ಥೆಯೇ ಇರಬೇಕೆಂದಿಲ್ಲ, ಲೇಖಕರು ಸ್ವಂತ ಹೆಸರಲ್ಲಿ ಹಾಕಬಹುದು. ಹೊದಿಕೆ ಅಚ್ಚಿಗೆ ಹೋಗುವ ಒಂದೆರಡು ತಿಂಗಳು ಮೊದಲೇ ಹಾಕಿ, ದಾಖಲೆಯಲ್ಲಿ ಕೊರತೆ ಇದ್ದರೆ ಅರ್ಜಿ ವಾಪಸ್ ಬರುತ್ತದೆ. ಬೇರೆಯವರು ತಮ್ಮ ಖಾತೆಯ ಸಂಖ್ಯೆಯನ್ನು ನಿಮ್ಮ ಪುಸ್ತಕಕ್ಕೆ ಹಾಕಿಕೊಟ್ಟರೆ ದಾಖಲೆಯಲ್ಲಿ ಪ್ರಕಾಶಕರು ಅವರೇ ಆಗುತ್ತಾರೆ. ಬದಲಾವಣೆ ಇಲ್ಲದ ಮರುಮುದ್ರಣಕ್ಕೆ ಅದೇ ಸಂಖ್ಯೆ ಸಾಕು. ಪರಿಷ್ಕೃತ ಆವೃತ್ತಿಗೆ, ಗಟ್ಟಿ ರಟ್ಟಿನ ಪ್ರತಿಗೆ, ಇ-ಪುಸ್ತಕಕ್ಕೆ ಬೇರೆ ಬೇರೆ ಬೇಕು. ಬಾರ್‌ಕೋಡನ್ನು ಬಿಳಿ ಚೌಕದಲ್ಲಿ ಕಪ್ಪು ಗೆರೆಯಾಗಿಯೇ ಹಾಕಿಸಿ. ಪೂರ್ಣ ಅಳತೆ ಸುಮಾರು 37×26 ಮಿ.ಮೀ.

ಕೃತಿ ಬರೆದ ಕ್ಷಣದಿಂದಲೇ ಹಕ್ಕುಸ್ವಾಮ್ಯ ನಿಮ್ಮದು. 1957ರ ಕಾಯ್ದೆಯಂತೆ ಲೇಖಕರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ನೋಂದಣಿ ಕಡ್ಡಾಯವಲ್ಲ, ಮೊಕದ್ದಮೆಯ ಸಂದರ್ಭದಲ್ಲಿ ಸಾಕ್ಷಿಯಾಗಿ ನೆರವಾಗುತ್ತದೆ ಅಷ್ಟೆ. ಕಡ್ಡಾಯವಾದದ್ದು ಬೇರೆ ಇದೆ: 1954ರ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಗೊತ್ತುಪಡಿಸಿದ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಪ್ರಕಾಶಕರ ಖರ್ಚಿನಲ್ಲಿ ಹೋಗಬೇಕು. ಸ್ವಂತ ಪ್ರಕಟಣೆಯಲ್ಲಿ ಆ ಪ್ರಕಾಶಕರು ನೀವೇ.

ಪ್ರಶ್ನೆ: ಅಂಗಡಿಯವರು ಶೇ. 30 ಕೇಳುತ್ತಾರೆ, ವಿತರಕರು ಶೇ. 45. ನನಗೇನು ಉಳಿಯುತ್ತದೆ?
— ಕವಯಿತ್ರಿ, ಶಿವಮೊಗ್ಗ

ಉತ್ತರ: ಬೆಲೆ ಹಾಕುವ ಮುಂಚೆ ಕೇಳಬೇಕಿದ್ದ ಪ್ರಶ್ನೆ ಇದು. ಪ್ರತಿಗೆ 85 ಬಿದ್ದ ಪುಸ್ತಕಕ್ಕೆ 150 ಎಂದು ಅಚ್ಚು ಹಾಕಿಸಿದ್ದೀರಿ ಎನ್ನಿ. ಅಂಗಡಿಗೆ ಶೇ. 30 ಕೊಟ್ಟರೆ ಕೈಗೆ 105, ಅದರಲ್ಲಿ ಸಾಗಣೆ ಕಳೆಯಬೇಕು. ವಿತರಕರಿಗೆ ಶೇ. 45 ಕೊಟ್ಟರೆ ಕೈಗೆ 82 ರೂಪಾಯಿ 50 ಪೈಸೆ, ಅಂದರೆ ಒಂದೊಂದು ಪ್ರತಿ ಮಾರಿದಾಗಲೂ ಎರಡೂವರೆ ರೂಪಾಯಿ ನಷ್ಟ. ವಿತರಕರ ಮೂಲಕ ಹೋಗುವುದಾದರೆ ಮುಖಬೆಲೆ ತಯಾರಿಕಾ ವೆಚ್ಚದ ಮೂರು ಪಟ್ಟಾದರೂ ಇರಬೇಕು. ಕಡಿಮೆ ಪ್ರತಿಯ ಕವಿತಾ ಸಂಕಲನಕ್ಕೆ ಅಷ್ಟು ಬೆಲೆ ಇಟ್ಟರೆ ಕೊಳ್ಳುವವರು ಹಿಂದೆ ಸರಿಯುತ್ತಾರೆ. ಆದ್ದರಿಂದ ಮೊದಲ 200 ಪ್ರತಿ ನೇರವಾಗಿ ಮಾರಿ, ಊರಿನ ಒಂದೆರಡು ಅಂಗಡಿಗೆ ಹತ್ತು ಹತ್ತು ಇಡಿ, ವಿತರಕರನ್ನು ಎರಡನೇ ಮುದ್ರಣಕ್ಕೆ ನೋಡೋಣ.

ಅಂಗಡಿಗೆ ಇಡುವಾಗ ಒಂದು ಚೀಟಿಯನ್ನು ನಿಮಗೊಂದು, ಅವರಿಗೊಂದು ಎಂದು ಎರಡು ಪ್ರತಿ ಬರೆಯಿರಿ: ದಿನಾಂಕ, ಎಷ್ಟು ಪ್ರತಿ, ಮುಖಬೆಲೆ, ರಿಯಾಯಿತಿ, ಎಷ್ಟು ತಿಂಗಳಿಗೆ ಲೆಕ್ಕ, ಮಾರಾಟವಾಗದ್ದು ವಾಪಸ್, ಅವರ ಸಹಿ. ಮೂರು ತಿಂಗಳಿಗೊಮ್ಮೆ ನೀವೇ ಹೋಗಿ. ಲೆಕ್ಕ ಕೇಳದವರ ಪುಸ್ತಕ ಮೊದಲು ಹಿಂದಿನ ಸಾಲಿಗೆ, ಆಮೇಲೆ ಗೋದಾಮಿಗೆ ಹೋಗುತ್ತದೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಆ ಹೆಸರಲ್ಲಿ ಯಾರಾದರೂ ಕಡಿತ ಮಾಡಿದರೆ ಪ್ರಶ್ನಿಸಿ.

ಪ್ರಶ್ನೆ: ಹೋದ ಮಳೆಗಾಲದಲ್ಲಿ ತಂದ ಪುಸ್ತಕದ ಹೊದಿಕೆ ಸುರುಳಿ ಸುತ್ತಿಕೊಂಡಿದೆ, ಕೆಲವು ಪ್ರತಿಯಲ್ಲಿ ಹಾಳೆ ಕಿತ್ತು ಬರುತ್ತಿದೆ. ಪ್ರೆಸ್ಸಿನವರು ಮಳೆಯ ಮೇಲೆ ಹಾಕುತ್ತಾರೆ.
— ಕೃಷಿಕರು, ಹೊಸನಗರ

ಉತ್ತರ: ಸುರುಳಿಗೆ ಮಳೆ ಕಾರಣ, ಹಾಳೆ ಕಿತ್ತು ಬರುವುದಕ್ಕೆ ಬೈಂಡಿಂಗ್ ಕಾರಣ. ಹೊದಿಕೆಯ ಹೊರಗೆ ಪ್ಲಾಸ್ಟಿಕ್ ಲ್ಯಾಮಿನೇಶನ್ ಇದೆ, ಒಳಗೆ ಬರೀ ರಟ್ಟು. ತೇವವನ್ನು ಒಳಮೈ ಮಾತ್ರ ಕುಡಿದು ಹಿಗ್ಗುತ್ತದೆ, ಹೊರಮೈ ಹಿಗ್ಗುವುದಿಲ್ಲ, ಹೊದಿಕೆ ಹೊರಕ್ಕೆ ಬಾಗುತ್ತದೆ. ಮುಂದಿನ ಸಲ ಹೊದಿಕೆಗೆ 300 ಜಿಎಸ್‌ಎಂಗೆ ಕಡಿಮೆಯ ರಟ್ಟು ಬೇಡ. ಸಾಧ್ಯವಾದರೆ ಫೆಬ್ರವರಿ-ಮಾರ್ಚ್‌ನಲ್ಲಿ ಅಚ್ಚು ಮುಗಿಸಿ. ಒಳಪುಟಗಳೂ ಅಲೆಯಲೆಯಾಗಿದ್ದರೆ ಕಾಗದದ ನಾರು ಅಡ್ಡ ಬಿದ್ದಿದೆ ಎಂದರ್ಥ. ನಾರು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿರಬೇಕು. ಅಚ್ಚಿಗೆ ಮುಂಚೆ ಪ್ರೆಸ್ಸಿನಲ್ಲೇ ನೋಡಬಹುದು: ಹಾಳೆಯಿಂದ ನಾಲ್ಕಿಂಚಿನ ಚೌಕ ಕತ್ತರಿಸಿ, ಬೆನ್ನು ಬರುವ ದಿಕ್ಕನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ, ಒಂದು ಮಗ್ಗುಲು ಒದ್ದೆ ಬಟ್ಟೆಯಲ್ಲಿ ಸವರಿ. ಅದು ಕೊಳವೆಯಂತೆ ಸುತ್ತಿಕೊಳ್ಳುತ್ತದೆ. ಕೊಳವೆ ನಿಮ್ಮ ಗುರುತಿನುದ್ದಕ್ಕೇ ಮಲಗಿದರೆ ಸರಿ, ಅಡ್ಡವಾದರೆ ಕಾಗದ ಬದಲಾಯಿಸಲು ಹೇಳಿ.

ಹಾಳೆ ಕೀಳುವುದು ಪರ್ಫೆಕ್ಟ್ ಬೈಂಡಿಂಗಿನಲ್ಲಿ. ಬೆನ್ನನ್ನು ಸಾಕಷ್ಟು ಒರಟು ಮಾಡದೆ ಬಿಸಿ ಗೋಂದು ಹಚ್ಚಿದರೆ, ಅಥವಾ ಗೋಂದು ತೆಳುವಾದರೆ, ಹಿಡಿತ ಸಿಗುವುದಿಲ್ಲ. ಎಲ್ಲ ಪ್ರತಿ ಬೈಂಡ್ ಮಾಡುವ ಮುಂಚೆ ಎರಡು ಮಾದರಿ ಕೇಳಿ. ಒಂದು ದಿನ ಬಿಟ್ಟು ನಡುವೆ ತೆರೆದು ಹಿಂದಕ್ಕೆ ಮಡಚಿ, ಒಂದು ಹಾಳೆ ಹಿಡಿದು ಎಳೆಯಿರಿ. ಬಂದರೆ ಒಪ್ಪಬೇಡಿ. ನಮ್ಮ ಹವೆಗೆ ದಾರದ ಹೊಲಿಗೆ ಒಳ್ಳೆಯದು, ಖರ್ಚು ಹೆಚ್ಚು. ಈಗ ಕಿತ್ತ ಪ್ರತಿಗಳನ್ನು ಫೋಟೊ ಸಮೇತ ಪ್ರೆಸ್ಸಿಗೆ ವಾಪಸ್ ಕೊಟ್ಟು ಮರುಬೈಂಡಿಂಗ್ ಕೇಳುವುದು ನ್ಯಾಯವೇ.

ಉಳಿದ ಕಟ್ಟುಗಳನ್ನು ಇಟ್ಟಿಗೆಯ ಮೇಲೆ ಹಲಗೆ ಹಾಕಿ ನೆಲದಿಂದ ಅರ್ಧ ಅಡಿ ಮೇಲೆ, ಗೋಡೆಗೆ ತಾಗದಂತೆ, ಅಡ್ಡಲಾಗಿ ಮಲಗಿಸಿ ಇಡಿ, ಮೇಲೊಂದು ಭಾರ. ಜುಲೈ ತಿಂಗಳ ತೇವದಲ್ಲಿ ಪ್ಲಾಸ್ಟಿಕ್ ಬಿಗಿದರೆ ಒಳಗಿನ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ಬೇಸಿಗೆಯಲ್ಲಿ ಒಣಗಿದ ಮೇಲೆ ಬಿಗಿಯಿರಿ.

ಪ್ರಶ್ನೆ: ಫೇಸ್‌ಬುಕ್‌ನಲ್ಲಿ ಮುಖಪುಟ ಹಾಕಿದೆ, ಅಭಿನಂದನೆ ನೂರಾರು. ಪುಸ್ತಕ ಕೇಳಿದವರು ಬೆರಳೆಣಿಕೆ. ಹಳ್ಳಿಯಲ್ಲಿ ಕೂತು ಮಾರುವುದು ಹೇಗೆ?
— ಯುವ ಕಥೆಗಾರ, ರಿಪ್ಪನ್‌ಪೇಟೆ

ಉತ್ತರ: ಹಳ್ಳಿ ಅಡ್ಡಿಯಲ್ಲ. ಪಕ್ಕದ ಸಾಗರ ತಾಲೂಕಿನ ಹೆಗ್ಗೋಡಿನಿಂದಲೇ ಅಕ್ಷರ ಪ್ರಕಾಶನ ನಾಡಿಗೆಲ್ಲ ಪುಸ್ತಕ ಕಳಿಸುತ್ತಿದೆ. ಹಿಂದೆ ಕಾದಂಬರಿಕಾರ ಗಳಗನಾಥರು ಪುಸ್ತಕ ಹೊತ್ತು ಮನೆಮನೆಗೆ ಹೋದರು, ನಿಮ್ಮ ಕೈಯಲ್ಲಿ ಫೋನಿದೆ. ನಿಮ್ಮ ಪೋಸ್ಟಿನಲ್ಲಿ ಬೆಲೆ ಇತ್ತೇ? "ಪ್ರತಿಗಳಿಗಾಗಿ ಸಂಪರ್ಕಿಸಿ" ಎಂದಷ್ಟೇ ಹಾಕಿದರೆ ಕೇಳುವ ಸಂಕೋಚಕ್ಕೇ ಅರ್ಧ ಜನ ಸುಮ್ಮನಾಗುತ್ತಾರೆ. ವಾಟ್ಸ್ಆಪ್ ಸಂದೇಶದಲ್ಲಿ ಮುಖಪುಟದ ಚಿತ್ರ, ಕಥೆಯೊಂದರ ಐದು ಸಾಲು, ಅಂಚೆವೆಚ್ಚ ಸೇರಿದ ಬೆಲೆ, ಹಣ ಕಳಿಸುವ ಯುಪಿಐ ಸಂಖ್ಯೆ, ಮತ್ತು "ಹೆಸರು, ವಿಳಾಸ, ಪಿನ್‌ಕೋಡ್, ಫೋನ್ ಕಳಿಸಿ" ಎಂಬ ಸಾಲು ಇರಲಿ. ಗುಂಪಿಗೆ ಹಾಕುವುದಕ್ಕಿಂತ ಹೆಸರು ಹಿಡಿದು ಒಬ್ಬೊಬ್ಬರಿಗೇ ಕಳಿಸಿ. ಬಿಡುಗಡೆಗೆ 15 ದಿನ ಮುಂಚೆ ಪ್ರಕಟಣಪೂರ್ವ ರಿಯಾಯಿತಿ ಕೊಟ್ಟರೆ ಅಚ್ಚಿನ ಹಣದಲ್ಲಿ ಒಂದು ಪಾಲು ಆಗಲೇ ಬರುತ್ತದೆ. ಎಷ್ಟು ಪ್ರತಿ ಬೇಕೆಂಬುದಕ್ಕೂ ಅಳತೆ ಸಿಗುತ್ತದೆ.

ಅಂಚೆಗೆ 2025ರ ಮೇ 1ರಿಂದ "ಜ್ಞಾನ ಪೋಸ್ಟ್" ಇದೆ. ಆರಂಭದ ದರದಂತೆ 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100 ರೂಪಾಯಿ, ತೆರಿಗೆ ಬೇರೆ. ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ ಇರುವ ಸೌಲಭ್ಯ. ರಸ್ತೆ-ರೈಲಿನಲ್ಲಿ ಹೋಗುವುದರಿಂದ ನಿಧಾನ, ಆದರೆ ಎಲ್ಲಿದೆ ಎಂದು ನೋಡಬಹುದು. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು, ಒಳಗೆ ಜಾಹೀರಾತು ಇರಬಾರದು. 128 ಪುಟದ ಡೆಮಿ ಪುಸ್ತಕ 70 ಜಿಎಸ್‌ಎಂ ಕಾಗದದಲ್ಲಿ ಸುಮಾರು 155 ಗ್ರಾಂ ತೂಗುತ್ತದೆ, ಪ್ಯಾಕಿಂಗ್ ಸೇರಿದರೂ ಮೊದಲ ಹಂತದಲ್ಲೇ ಉಳಿಯುತ್ತದೆ. 240 ಪುಟವಾದರೆ ಪುಸ್ತಕವೇ 270 ಗ್ರಾಂ ದಾಟುತ್ತದೆ, ಪ್ಯಾಕಿಂಗ್ ಸೇರಿದರೆ ಮುಂದಿನ ದರಕ್ಕೆ ಹೋಗಬಹುದು. ಮಳೆಗಾಲದಲ್ಲಿ ಒಳಗೊಂದು ಪ್ಲಾಸ್ಟಿಕ್ ಚೀಲ, ಹೊರಗೆ ರಟ್ಟು, ಮೂಲೆಗಳಿಗೆ ಟೇಪು. ಕಳಿಸಿದ ದಿನ, ಹೆಸರು, ರಸೀದಿ ಸಂಖ್ಯೆ ಒಂದು ವಹಿಯಲ್ಲಿ ಬರೆದಿಡಿ.

ಬಿಡುಗಡೆ ಸಮಾರಂಭದಲ್ಲಿ ಪುಸ್ತಕದ ಮೇಜು ಬಾಗಿಲ ಬಳಿ ಇರಲಿ. ಅಲ್ಲಿ ಕೂರುವವರಿಗೆ ಬೇರೆ ಯಾವ ಕೆಲಸವೂ ಬೇಡ. ಚಿಲ್ಲರೆ, ಯುಪಿಐ ಚೀಟಿ, ರಸೀದಿ ಪುಸ್ತಕ ಮೊದಲೇ ಸಿದ್ಧವಿರಲಿ. ಹಾರ-ಶಾಲು-ಹಣ್ಣಿನ ಬುಟ್ಟಿಯ ಹಣದಲ್ಲಿ ಐವತ್ತು ಪ್ರತಿ ಅಚ್ಚಾಗುತ್ತದೆ, ಅದನ್ನು ಇಳಿಸಿ. ಭಾಷಣದ ನಡುವೆ ಹತ್ತು ನಿಮಿಷ ನೀವೇ ಒಂದು ಕಥೆಯ ತುಣುಕು ಓದಿ, ಕೊಳ್ಳುವ ಮನಸ್ಸು ಅಲ್ಲಿ ಹುಟ್ಟುತ್ತದೆ. ವಿಮರ್ಶೆಗೆ ಪತ್ರಿಕೆಗಳಿಗೆ ಮೊದಲ ತಿಂಗಳಲ್ಲೇ ಎರಡೆರಡು ಪ್ರತಿ ಕಳಿಸಿ. ಭದ್ರಾವತಿ ಆಕಾಶವಾಣಿಗೂ ಕಳಿಸಿ. ಶಿವಮೊಗ್ಗದ ಕರ್ನಾಟಕ ಸಂಘ ಪ್ರತಿವರ್ಷ ಪುಸ್ತಕ ಬಹುಮಾನಕ್ಕೆ ಆಹ್ವಾನಿಸುತ್ತದೆ, ಕಥಾಸಂಕಲನದ ಪ್ರಕಾರಕ್ಕೆ ಹಾಕಿ. ತಾಲೂಕು ಸಮ್ಮೇಳನ, ನವೆಂಬರಿನ ರಾಜ್ಯೋತ್ಸವ ಎಲ್ಲಿಗೆ ಹೋದರೂ ಚೀಲದಲ್ಲಿ ಹತ್ತು ಪ್ರತಿ ಇರಲಿ. ಇ-ಪುಸ್ತಕವೂ ಬೇಕೆಂದರೆ ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಹಾಕಬಹುದು, ಯುನಿಕೋಡಿನಲ್ಲಿ ಮಾಡಿದ ಇಪಬ್ (ಇ-ಪುಸ್ತಕದ ಕಡತ) ಇದ್ದರೆ ಒಳ್ಳೆಯದು. ನುಡಿಯ ಹಳೆಯ ಫಾಂಟಿನಲ್ಲಿ ಇಪಬ್ ಮಾಡಿದರೆ ಅಕ್ಷರ ಕೆಡುತ್ತದೆ.

ಪ್ರಶ್ನೆ: ಒಂದು ಸಂಸ್ಥೆ "ಪ್ಯಾಕೇಜ್" ಕೊಟ್ಟು ಎಲ್ಲವನ್ನೂ ತಾನೇ ನೋಡಿಕೊಳ್ಳುವುದಾಗಿ ಹೇಳಿದೆ. ಸಹಿ ಹಾಕಲೇ?
— ಗೃಹಿಣಿ, ಕೊಪ್ಪದ ಹತ್ತಿರ

ಉತ್ತರ: ಒಪ್ಪಂದದ ಪ್ರತಿ ಮನೆಗೆ ತಂದು ಐದು ವಿಷಯ ನೋಡಿ: ಹಕ್ಕುಸ್ವಾಮ್ಯ ಯಾರದು, ಎಷ್ಟು ವರ್ಷಕ್ಕೆ ಬಂಧನ, ನಿಮ್ಮ ಕೈಗೆ ಎಷ್ಟು ಪ್ರತಿ, ಮೂಲ ಕಡತ ಕೊಡುತ್ತಾರೋ ಇಲ್ಲವೋ, ಮಾರಾಟದ ಲೆಕ್ಕ ಯಾವ ತಿಂಗಳು ಬರುತ್ತದೆ. "ಪ್ರಚಾರ" ಎಂದಿದ್ದರೆ ಎಲ್ಲಿ, ಎಷ್ಟು, ಯಾವ ದಿನ ಎಂದು ಬರೆಸಿ. ಖರ್ಚು ನೀವು ಹಾಕಿ ಹಕ್ಕನ್ನೂ ಅವರಿಗೇ ಬಿಟ್ಟುಕೊಡುವ ಸಾಲೊಂದಿದ್ದರೆ ಅದನ್ನು ಹೊಡೆದುಹಾಕಿಸಿ, ಅದರ ಪಕ್ಕ ಇಬ್ಬರ ಸಹಿಯೂ ಬೀಳಲಿ. ಒಪ್ಪದಿದ್ದರೆ ಹಸ್ತಪ್ರತಿ ವಾಪಸ್ ತನ್ನಿ.